ಕೋಟೆಗೆ ಹೋದವರು ಹೊಂಡ ನೋಡಿ ಬಂದರು

ನಮ್ಮದು ಜಗಳೂರು ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಚಿತ್ರದುರ್ಗ ನಮಗೇನು ದೂರವಲ್ಲ. ಆದರೂ ಐದರಿಂದ ಏಳನೇ ತರಗತಿವರೆಗಿನ 42 ಮಕ್ಕಳಲ್ಲಿ ಕೋಟೆ ಹತ್ತಿದ್ದವರು ಆರೇ ಜನ.

ಹಿಂದೆಲ್ಲ ತಲೆಗೆ ಇಷ್ಟು ಅಂತ ದುಡ್ಡು ಎತ್ತಿ ಪ್ರವಾಸ ಮಾಡುತ್ತಿದ್ದೆವು. ಕೊಡಲಾಗದ ಮನೆಯ ಮಕ್ಕಳಿಗೆ ಅವತ್ತೇ ಹೊಟ್ಟೆನೋವು ಬರುತ್ತಿತ್ತು. ಅದು ಎಂಥ ಹೊಟ್ಟೆನೋವು ಎಂದು ಗೊತ್ತಿದ್ದೂ ನಾನು ಕೇಳುತ್ತಿರಲಿಲ್ಲ.

ಈ ಸಲ ದಾವಣಗೆರೆ ಎಪಿಎಂಸಿಯಲ್ಲಿ ಮೆಕ್ಕೆಜೋಳದ ದಲ್ಲಾಳಿ ಅಂಗಡಿ ಇಟ್ಟಿರುವ, ನಮ್ಮೂರ ಕಡೆಯವರೇ ಆದ ಸಾಹುಕಾರರೊಬ್ಬರ ಬಳಿ ಹೋದೆ. ದುಡ್ಡು ನನ್ನ ಕೈಗೆ ಬೇಡ, ಬಸ್ಸಿನ ಬಾಡಿಗೆ ನೀವೇ ಕಟ್ಟಿ, ಅಡುಗೆ ಸಾಮಾನು ನೀವೇ ಕಳಿಸಿ ಎಂದೆ. ದಾನಿಗಳನ್ನು ಕೇಳಲು ಹೋಗುವ ಮೇಷ್ಟ್ರುಗಳಿಗೆ ಇದನ್ನೇ ಹೇಳುತ್ತೇನೆ. ಲೆಕ್ಕ ಒಪ್ಪಿಸುವ ತಲೆನೋವಿಲ್ಲ, ಊರಲ್ಲಿ ಎರಡು ಮಾತೂ ಇಲ್ಲ.

ಅವರು ಒಪ್ಪಿ, ತಮ್ಮದೊಂದು ಷರತ್ತು ಹಾಕಿದರು. “ಬ್ಯಾನರ್‌ನಾಗೆ ನನ್ನ ಹೆಸರು ಬ್ಯಾಡ್ರಿ ಮೇಷ್ಟ್ರೇ. ಎಲ್ಲಾ ಹುಡುಗ್ರ ಕೈಗೂ ಐವತ್ತೈವತ್ತು ರೂಪಾಯಿ ನಾನೇ ಕೊಡ್ತೀನಿ. ಮನೆಯಿಂದ ಯಾರೂ ಒಂದ್ರೂಪಾಯಿನೂ ತರಂಗಿಲ್ಲ.” ಹದಿನೆಂಟು ವರ್ಷದ ಸರ್ವೀಸಿನಲ್ಲಿ ನನಗಿದು ಹೊಳೆದಿರಲಿಲ್ಲ.

ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ನಡಾವಳಿ, ಕ್ಷೇತ್ರ ಶಿಕ್ಷಣಾಧಿಕಾರಿಗಳ (ಬಿಇಒ) ಅನುಮತಿ ಬೇಗ ಮುಗಿದವು. ಹೊತ್ತು ತಿಂದದ್ದು ಪಾಲಕರ ಒಪ್ಪಿಗೆ ಪತ್ರ. ಅರ್ಧ ಜನ ಕೂಲಿಗೆ ಪರಊರು ಸೇರಿದ್ದರು, ಅಜ್ಜಿಯರ ಹೆಬ್ಬೆಟ್ಟು ಒತ್ತಿಸಿಕೊಂಡು, ಫೋನಿನಲ್ಲಿ ತಾಯಂದಿರ ಮಾತು ಕೇಳಿಕೊಂಡೆ.

ಬಿಸಿಯೂಟದ ಅಕ್ಕಂದಿರು ನಾಲ್ಕು ಗಂಟೆಗೇ ಎದ್ದು ಪುಳಿಯೋಗರೆ ಕಲೆಸಿದ್ದರು. ಅವರೂ ನಮ್ಮ ಜೊತೆ ಬಸ್ಸು ಹತ್ತಿದರು. ಬುತ್ತಿಯನ್ನು ಮಾತ್ರ ಕೋಟೆಯೊಳಗೆ ಒಯ್ಯಬೇಡಿ. ಕಣ್ಣು ತಪ್ಪಿಸಿ ಮಂಡಕ್ಕಿ ಪೊಟ್ಟಣ ತಂದಿದ್ದ ಒಬ್ಬ, ಬಾಗಿಲು ದಾಟುವಷ್ಟರಲ್ಲೇ ಅದನ್ನು ಕೋತಿಗೆ ಒಪ್ಪಿಸಿ ಅತ್ತ. ಹದಿನೈದರ ಒಳಗಿನವರಿಗೆ ಟಿಕೆಟ್ ಇಲ್ಲ, ದೊಡ್ಡವರಷ್ಟೇ ತೆಗೆದುಕೊಂಡೆವು.

ನಾನು ಪಾಠ ಕಟ್ಟಿಕೊಂಡೇ ಹೋಗಿದ್ದೆ: ಏಳು ಸುತ್ತು, ಮದಕರಿ ನಾಯಕ, 1779ರಲ್ಲಿ ದುರ್ಗ ಹೈದರಾಲಿಯ ಕೈಸೇರಿದ್ದು. ಸಿಡಿಮದ್ದು ಬೀಸುವ ದೊಡ್ಡ ಕಲ್ಲುಗಳ ಹತ್ತಿರ ಒಂದಿಷ್ಟು ಕಿವಿಗೊಟ್ಟರು. ಓಬವ್ವನ ಕಿಂಡಿಯಲ್ಲಿ ನುಸುಳುವುದೇ ಆಟವಾಯಿತು, ಹುಡುಗಿಯರಂತೂ ಎರಡೆರಡು ಸಲ. ಗೋಪಾಲಸ್ವಾಮಿ ಹೊಂಡಕ್ಕೆ ಬಂದಾಗ ಮಾತ್ರ ಎಲ್ಲರೂ ನಿಂತುಬಿಟ್ಟರು.

“ಸಾರ್, ಇಷ್ಟೆತ್ತರದಾಗೆ ಇಷ್ಟು ನೀರಾ? ಬೋರ್ ಎಲ್ಲೈತಿ?”

ಟ್ಯಾಂಕರಿಗೆ ಕೊಡ ಸಾಲಿಟ್ಟು ಬೆಳೆದ ಮಕ್ಕಳು. ಬೋರಿಲ್ಲ, ಬಂಡೆಗಳ ಮೇಲೆ ಬಿದ್ದ ಮಳೆ ಇಳಿದು ಬಂದು ಇಲ್ಲಿ ನಿಲ್ಲುತ್ತದೆ ಎಂದೆ. ಇದು ತುಂಬಿದರೆ ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕಡೆಗೆ ಕೆಳಗೆ ಪೇಟೆಯ ಸಂತೆ ಹೊಂಡಕ್ಕೆ. ಅಷ್ಟೇ ಹೇಳಿದ್ದು. ನೀರು ಹರಿಯುವ ದಾರಿ ತೋರಿಸಿ ಅಂತ ಹಟ ಹಿಡಿದರು. ನನ್ನ ವೇಳಾಪಟ್ಟಿ ಅಲ್ಲಿಗೆ ಮುಗಿಯಿತು. ಸ್ವಲ್ಪ ರೇಗಿದೆ, ಸುಳ್ಳು ಹೇಳುವುದಿಲ್ಲ. ಆಡುಮಲ್ಲೇಶ್ವರದ ಕಿರುಮೃಗಾಲಯ ಕೈಬಿಟ್ಟೆವು. ಕೆಳಗಿಳಿದ ಮೇಲೆ ಡ್ರೈವರಣ್ಣನನ್ನು ಒಪ್ಪಿಸಿ, ಸಂತೆ ಹೊಂಡದ ಬಳಿ ಬಸ್ಸು ನಿಲ್ಲಿಸಿ, ಕಡೆಯ ನೀರನ್ನೂ ನೋಡಿದ್ದಾಯಿತು.

ಊಟ ಮಾಡಿ ಸಂಜೆಗೆ ಚಂದ್ರವಳ್ಳಿ. ಭೈರವೇಶ್ವರ ಗುಡಿಯ ಹತ್ತಿರದ ಬಂಡೆಯ ಮೇಲೆ ಕದಂಬರ ಮಯೂರಶರ್ಮನ ಪ್ರಾಕೃತ ಶಾಸನವಿದೆ, ನಾಲ್ಕನೇ ಶತಮಾನದ್ದು. ಅವನು ಕೆರೆ ಕಟ್ಟಿಸಿದ ಸಂಗತಿ ಅದರಲ್ಲಿದೆ ಎಂದದ್ದೇ ತಡ, ಮಂಡಕ್ಕಿ ಕಳಕೊಂಡಿದ್ದವನೇ ಮುಂದೆ ಬಂದ. “ಹಂಗಾರೆ ಆವಾಗ್ಲೂ ನೀರಿಂದೇ ಚಿಂತೆ ಇತ್ತಾ ಸಾರ್?”

ಐವತ್ತು ರೂಪಾಯಿಯಲ್ಲಿ ಬಳೆ, ಪೀಪಿ, ಐಸ್‌ಕ್ರೀಮು ಬಂದವು. ಒಬ್ಬಳು ನೋಟನ್ನು ಮಡಿಸಿದ ಹಾಗೇ ಮನೆಗೆ ಒಯ್ದಳು.

ಸಾಹುಕಾರರಿಗೆ ವಂದನಾ ಪತ್ರದ ಬದಲು ಮಕ್ಕಳು ಬರೆದ ಚಿತ್ರಗಳನ್ನು ಕೊಟ್ಟು ಬರೋಣ ಅಂತ ಹೋದೆ. ತಕ್ಕಡಿ ಪಕ್ಕ ಕೂತು ಒಂದೊಂದೇ ತಿರುವಿದರು. ಹೊಂಡ, ಮೆಟ್ಟಿಲು, ಕಾಲುವೆ, ಮತ್ತೆ ಹೊಂಡ. ಕನ್ನಡಕ ತೆಗೆದು ನನ್ನ ಮುಖ ನೋಡಿದರು.

“ಕೋಟೆ ಎಲ್ಲೈತ್ರಿ ಮೇಷ್ಟ್ರೇ?”