ಜೆಪೆಗ್ ಸಾಕೋ, ರಾ ಬೇಕೋ? ಫೋಟೊ ಫೈಲ್ ಆರಿಸುವ ಬಗೆ

ಯಾವ ಫಾರ್ಮ್ಯಾಟ್ ಒಳ್ಳೆಯದು ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ಫೋಟೊ ತೆಗೆಯುವಾಗ ಒಂದು, ತಿದ್ದುವಾಗ ಇನ್ನೊಂದು, ಯಾರಿಗಾದರೂ ಕೊಡುವಾಗ ಮತ್ತೊಂದು. ಈ ಮೂರನ್ನು ಕಲಸಿಕೊಂಡಾಗಲೇ ಫೋಟೊ ಕೆಡುವುದು.

ಮೊದಲು ತೆಗೆಯುವ ಹಂತ. ಕ್ಯಾಮೆರಾದ ಸೆನ್ಸರ್ ಬೆಳಕನ್ನು ಸಾಮಾನ್ಯವಾಗಿ 12 ಅಥವಾ 14 ಬಿಟ್‌ನಲ್ಲಿ ಅಳೆಯುತ್ತದೆ. 14 ಬಿಟ್ ಎಂದರೆ ಕಪ್ಪಿನಿಂದ ಬಿಳುಪಿನವರೆಗೆ 16,384 ಮೆಟ್ಟಿಲು. ರಾ ಎಂದರೆ ಸೆನ್ಸರ್ ಅಳೆದದ್ದನ್ನು ತಿದ್ದದೆ ಹಾಗೆಯೇ ಇಡುವ ಫೈಲ್, ಅದರಲ್ಲಿ ಇವೆಲ್ಲ ಉಳಿಯುತ್ತವೆ. ಜೆಪೆಗ್ 8 ಬಿಟ್ಟಿನದು, ಅದರಲ್ಲಿ ಒಂದೊಂದು ಬಣ್ಣಕ್ಕೂ 256 ಮೆಟ್ಟಿಲು ಮಾತ್ರ. ಅದೂ ಅಲ್ಲದೆ ವೈಟ್ ಬ್ಯಾಲೆನ್ಸ್ (ಬೆಳಕಿನ ಬಣ್ಣಕ್ಕೆ ತಕ್ಕ ತಿದ್ದುಪಡಿ), ಕಾಂಟ್ರಾಸ್ಟ್, ಶಾರ್ಪ್‌ನೆಸ್ ಎಲ್ಲವನ್ನೂ ಕ್ಯಾಮೆರಾವೇ ತೀರ್ಮಾನಿಸಿ, ಚಿತ್ರವನ್ನು 8×8 ಪಿಕ್ಸೆಲ್‌ಗಳ ಚೌಕಗಳಾಗಿ ಒಡೆದು, ಕಣ್ಣಿಗೆ ಅಷ್ಟಾಗಿ ಕಾಣದ ವಿವರಗಳನ್ನು ಎಸೆದುಬಿಡುತ್ತದೆ. ಎಸೆದದ್ದು ಮತ್ತೆ ಬರುವುದಿಲ್ಲ.

ಇದರ ಫಲ ಎಲ್ಲಿ ಕಾಣುತ್ತದೆ? ಬಿಸಿಲಲ್ಲಿ ಬಿಳಿ ಅಂಗಿ ತೊಟ್ಟವರ ಫೋಟೊ ತುಸು ಹೆಚ್ಚು ಬೆಳಗಾಗಿದೆ ಎನ್ನಿ. ರಾ ಫೈಲ್‌ನಲ್ಲಿ ಹೈಲೈಟ್, ಅಂದರೆ ತೀರಾ ಬೆಳಗಿದ ಭಾಗ, ಇಳಿಸಿದರೆ ತೋಳಿನ ಮಡಿಕೆ, ಹೊಲಿಗೆಯ ನೂಲು ಮೆಲ್ಲಗೆ ಮೂಡುತ್ತವೆ. ಜೆಪೆಗ್‌ನಲ್ಲಿ ಅದೇ ಮಾಡಿದರೆ ಬಿಳಿ ಜಾಗ ಬರೀ ಬೂದಿಬಣ್ಣಕ್ಕೆ ತಿರುಗುತ್ತದೆ, ಅಷ್ಟೆ. ಸಂಜೆಯ ಆಕಾಶದ ಕಾಂಟ್ರಾಸ್ಟ್ ಎಳೆದರಂತೂ ನಯವಾಗಿ ಬದಲಾಗಬೇಕಾದ ನೀಲಿ ಪಟ್ಟಿಪಟ್ಟಿಯಾಗಿ ಒಡೆಯುತ್ತದೆ. ಹಾಗೆಂದು ರಾ ಮಾಯಾದಂಡವೇನಲ್ಲ. ಫೋಕಸ್ ತಪ್ಪಿದ್ದು, ಕೈ ಅಲುಗಿದ್ದು, ಸೆನ್ಸರ್ ಪೂರ್ತಿ ತುಂಬಿಹೋದ ಬಿಳುಪು, ಇವು ಯಾವ ಫೈಲ್‌ನಲ್ಲೂ ಸರಿಹೋಗವು. ಇನ್ನೊಂದು ಮಾತು: ರಾ ತೆಗೆಯುವಾಗಲೂ ಕ್ಯಾಮೆರಾದ ಪರದೆಯಲ್ಲಿ ಕಾಣುವ ಹಿಸ್ಟೋಗ್ರಾಂ (ಬೆಳಕು-ಕತ್ತಲೆ ಎಷ್ಟೆಷ್ಟಿದೆ ಎಂದು ತೋರುವ ನಕ್ಷೆ) ಒಳಗಿನ ಜೆಪೆಗ್ ಪ್ರಿವ್ಯೂನದು. ಹಾಗಾಗಿ ರಾದಲ್ಲಿ ವಿವರ ಇನ್ನೂ ಇದ್ದರೂ ಹೈಲೈಟ್ ಎಚ್ಚರಿಕೆ ತುಸು ಬೇಗನೇ ಮಿನುಗುತ್ತದೆ.

ಮೆನುವಿನಲ್ಲಿ ರಾ ಕಂಪ್ರೆಷನ್ ಆಯ್ಕೆ ಇದ್ದರೆ ‘ಲಾಸ್‌ಲೆಸ್ ಕಂಪ್ರೆಸ್ಡ್’ (ಏನನ್ನೂ ಕಳೆಯದೆ ಕುಗ್ಗಿಸಿದ್ದು) ಹಾಕಿ. ‘ಅನ್‌ಕಂಪ್ರೆಸ್ಡ್’ ಹಾಕಿದರೆ ಕಾರ್ಡ್ ತುಂಬುತ್ತದೆಯೇ ಹೊರತು ಗುಣ ಹೆಚ್ಚುವುದಿಲ್ಲ. 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ಇಂಥ ರಾ ಫೈಲ್ ಸುಮಾರು 25ರಿಂದ 30 ಎಂಬಿ, ಒಳ್ಳೆಯ ಗುಣಮಟ್ಟದ ಜೆಪೆಗ್ ಸುಮಾರು 8ರಿಂದ 12 ಎಂಬಿ. ಓಟ, ಆಟ, ಹಕ್ಕಿ ಅಂತ ಒಂದೇ ಸಮನೆ ಕ್ಲಿಕ್ಕಿಸುವಾಗ ರಾ ಇದ್ದರೆ ಬಫರ್ (ಕಾರ್ಡ್‌ಗೆ ಬರೆಯುವ ಮುನ್ನ ಫೋಟೊ ಇಡುವ ಜಾಗ) ಬೇಗ ತುಂಬಿ ಕ್ಯಾಮೆರಾ ತಡವರಿಸುತ್ತದೆ. ತಿದ್ದುವ ಉದ್ದೇಶವೇ ಇಲ್ಲದೆ ಅವತ್ತೇ ಫೋಟೊ ಕಳಿಸಬೇಕಿದ್ದರೆ ಜೆಪೆಗ್ ಧಾರಾಳವಾಗಿ ಸಾಕು. ಗೊಂದಲವಾದರೆ ರಾ ಜೊತೆ ಜೆಪೆಗ್ ಎರಡನ್ನೂ ಇಟ್ಟುಕೊಳ್ಳಿ. ಕಾರ್ಡ್‌ನ ಜಾಗಕ್ಕಿಂತ ಮತ್ತೆ ಸಿಗದ ಗಳಿಗೆ ದುಬಾರಿ.

ಹೊಸ ಕ್ಯಾಮೆರಾದ ರಾ ಹಳೆಯ ಸಾಫ್ಟ್‌ವೇರ್‌ನಲ್ಲಿ ತೆರೆಯುವುದಿಲ್ಲ ಎಂಬುದು ಮಾಮೂಲಿ ತಕರಾರು. ಅಡೋಬಿಯ ಉಚಿತ ಡಿಎನ್‌ಜಿ ಕನ್ವರ್ಟರ್‌ನಲ್ಲಿ ಡಿಎನ್‌ಜಿಗೆ, ಅಂದರೆ ಅಡೋಬಿ ರೂಪಿಸಿದ ಸಾಮಾನ್ಯ ರಾ ಫಾರ್ಮ್ಯಾಟ್‌ಗೆ, ಬದಲಾಯಿಸಿದರೆ ಬಹುತೇಕ ತೆರೆಯುತ್ತದೆ. ಫೈಲ್ ಹೆಸರಿನ ಕೊನೆಯ ಎಕ್ಸ್‌ಟೆನ್ಶನ್ ತಿದ್ದಿದರೆ ಮಾತ್ರ ಏನೂ ಬದಲಾಗುವುದಿಲ್ಲ. ಅದು ಡಬ್ಬಿಯ ಚೀಟಿ ಬದಲಿಸಿದ ಹಾಗೆ.

ಐಫೋನ್‌ಗಳಲ್ಲಿ 2017ರ ಐಒಎಸ್ 11ರಿಂದ ಬಂದಿರುವ ಎಚ್‌ಇಐಸಿ ಫೈಲ್, ಅದೇ ಗುಣಮಟ್ಟದ ಜೆಪೆಗ್‌ನ ಹೆಚ್ಚುಕಡಿಮೆ ಅರ್ಧ ಜಾಗ ಹಿಡಿಯುತ್ತದೆ. ಆದರೆ ಹಳೆಯ ಕಂಪ್ಯೂಟರ್‌ಗಳಲ್ಲಿ, ಅರ್ಜಿ ತುಂಬುವ ತಾಣಗಳಲ್ಲಿ ತೊಡಕು. ಸೆಟ್ಟಿಂಗ್ಸ್‌ನಲ್ಲಿ ಕ್ಯಾಮೆರಾ, ಅಲ್ಲಿಂದ ಫಾರ್ಮ್ಯಾಟ್ಸ್‌ಗೆ ಹೋಗಿ ‘ಮೋಸ್ಟ್ ಕಂಪ್ಯಾಟಿಬಲ್’ ಆರಿಸಿದರೆ ಮುಂದಿನ ಫೋಟೊಗಳು ಜೆಪೆಗ್ ಆಗುತ್ತವೆ.

ತಿದ್ದುವ ಹಂತಕ್ಕೆ ಬಂದರೆ, ರಾ ಫೈಲ್ ಮೇಲೆ ನೀವು ಮಾಡುವ ಬದಲಾವಣೆ ಸಾಮಾನ್ಯವಾಗಿ ಅದರೊಳಗೆ ಕೂರುವುದಿಲ್ಲ. ತಿದ್ದುಪಡಿಗಳನ್ನು ಬರೆದಿಡುವ ಪಕ್ಕದ ಎಕ್ಸ್‌ಎಂಪಿ ಫೈಲ್‌ನಲ್ಲೋ ಸಾಫ್ಟ್‌ವೇರ್‌ನ ಕ್ಯಾಟಲಾಗ್‌ನಲ್ಲೋ ಇರುತ್ತದೆ. ಬರೀ ರಾ ಫೈಲ್‌ಗಳನ್ನು ಬೇರೆ ಡಿಸ್ಕ್‌ಗೆ ನಕಲು ಮಾಡಿ ಮಿಕ್ಕದ್ದನ್ನು ಅಳಿಸಿದರೆ ವಾರಗಟ್ಟಲೆ ಮಾಡಿದ ಕೆಲಸ ಹೋಯಿತು. ಬೇರೆ ಎಡಿಟರ್‌ಗೆ ಒಯ್ಯಬೇಕಾದರೆ 16 ಬಿಟ್ ಟಿಫ್ (ವಿವರ ಎಸೆಯದೆ ಇಡಬಲ್ಲ ಫಾರ್ಮ್ಯಾಟ್) ಮಾಡಿ. ಭಾರ ಇದ್ದದ್ದೇ: 24 ಮೆಗಾಪಿಕ್ಸೆಲ್‌ಗೆ ಕಂಪ್ರೆಷನ್ ಇಲ್ಲದೆ 144 ಎಂಬಿ. ಕೆಲಸ ಮುಗಿಯುವವರೆಗೆ ಜೆಪೆಗ್‌ನತ್ತ ಹೋಗಬೇಡಿ. ಜೆಪೆಗ್ ತೆರೆದು ನೋಡಿದರೆ, ನಕಲು ಮಾಡಿದರೆ ಸವೆಯುವುದಿಲ್ಲ. ತಿದ್ದಿ ಮತ್ತೆ ಮತ್ತೆ ಸೇವ್ ಮಾಡಿದಾಗ ಸವೆಯುತ್ತದೆ. ಕೂದಲಿನ ಅಂಚು, ಮರದ ರೆಂಬೆಗಳ ಸುತ್ತ ಕಲೆಕಲೆಯಾಗಿ ಮೊದಲು ತೋರುವುದು ಇದೇ. ಹಾಗೆ ಸವೆದ ಜೆಪೆಗ್ ಅನ್ನು ಟಿಫ್ ಮಾಡಿದರೆ ಗಾತ್ರ ಹಿಗ್ಗುತ್ತದೆ, ವಿವರ ಮರಳುವುದಿಲ್ಲ.

ಕೊಡುವಾಗ ಜೆಪೆಗ್, ಕ್ವಾಲಿಟಿ 85ರಿಂದ 90. 100ಕ್ಕೆ ಏರಿಸಿದರೆ ಫೈಲ್ ಎಷ್ಟೋ ದಪ್ಪವಾಗುತ್ತದೆ, ಕಣ್ಣಿಗೆ ವ್ಯತ್ಯಾಸ ಸಿಗುವುದು ಅಪರೂಪ. ಕಲರ್ ಸ್ಪೇಸ್, ಅಂದರೆ ಫೈಲ್ ಹಿಡಿಯಬಲ್ಲ ಬಣ್ಣಗಳ ವ್ಯಾಪ್ತಿ, ಎಸ್‌ಆರ್‌ಜಿಬಿ ಇರಲಿ. ಇನ್ನೂ ಅಗಲವಾದ ಅಡೋಬಿ ಆರ್‌ಜಿಬಿಯಲ್ಲಿ ಕೊಟ್ಟರೆ ಬಣ್ಣದ ಪ್ರೊಫೈಲ್ ಓದದ ಆಪ್‌ಗಳಲ್ಲಿ ಫೋಟೊ ಸಪ್ಪೆಯಾಗಿ ಕಾಣುತ್ತದೆ. 8×10 ಇಂಚಿನ ಪ್ರಿಂಟ್‌ಗೆ ಇಂಚಿಗೆ 300 ಪಿಕ್ಸೆಲ್‌ನಂತೆ 2400×3000 ಪಿಕ್ಸೆಲ್ ಸಾಕು. ಪಿಎನ್‌ಜಿ ಸ್ಕ್ರೀನ್‌ಶಾಟ್, ಲೋಗೊ, ಅಕ್ಷರಗಳಿಗೆ ಚೆನ್ನ, ಫೋಟೊಗೆ ಸುಮ್ಮನೆ ಭಾರ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವುದಾದರೆ ಗ್ಯಾಲರಿಯಿಂದ ಬೇಡ, ‘ಡಾಕ್ಯುಮೆಂಟ್’ ಮೂಲಕ ಕಳಿಸಿ. ಇಲ್ಲವಾದರೆ ಆಪ್ ಇನ್ನೊಮ್ಮೆ ಕುಗ್ಗಿಸಿಯೇ ಕಳಿಸುತ್ತದೆ.