ಹಳೆಯ 8800 ಜಿಟಿಗೆ 1.3 ವೋಲ್ಟ್: ನನ್ನ ಅನುಭವ

ಗ್ರಾಫಿಕ್ಸ್ ಕಾರ್ಡಿನ ಮುಖ್ಯ ಚಿಪ್ ಆದ ಕೋರ್ 810 ಮೆಗಾಹರ್ಟ್ಸ್, ಅದರೊಳಗೆ ಚಿತ್ರದ ಲೆಕ್ಕ ಹಾಕುವ ಶೇಡರ್ 2052. ನೀರಿಲ್ಲ, ಐಸ್ ಇಲ್ಲ, ಬರೀ ಗಾಳಿ. 2007ರಲ್ಲಿ ಬಂದ ಜಿಫೋರ್ಸ್ 8800 ಜಿಟಿ ಕಾರ್ಖಾನೆಯಿಂದ ಹೊರಟಾಗ 600 ಮತ್ತು 1500ರಲ್ಲಿ ಓಡುತ್ತಿತ್ತು ಎಂಬುದು ನಿಮಗೆ ಗೊತ್ತಿರುವುದೇ. ಎಂಟುನೂರು ದಾಟಿಸುತ್ತೇನೆ ಎಂದಾಗ ನನ್ನ ಬಳಗದಲ್ಲಿ ಒಬ್ಬರೂ ನಂಬಲಿಲ್ಲ. ನೀರು ಹರಿಸದೆ ಆಗದು ಎಂದರು ಒಬ್ಬರು. ಆದರೂ ವಾರ ಬಾಳುವುದಿಲ್ಲ ಎಂದರು ಮತ್ತೊಬ್ಬರು. ಕಳೆದ ಮಳೆಗಾಲದಿಂದ ಅದೇ ಕಾರ್ಡ್ ಮನೆಯ ಎರಡನೆಯ ಕಂಪ್ಯೂಟರ್‌ನಲ್ಲಿ ಕುಳಿತಿದೆ, ಮಗ ಅದರಲ್ಲೇ ಆಡುತ್ತಾನೆ. ಇನ್ನು ಬರೆಯಬಹುದು ಅನ್ನಿಸಿತು.

ವೇಗ ಏರಬೇಕಾದರೆ ಕೋರ್‌ಗೆ ಹೆಚ್ಚು ವೋಲ್ಟೇಜ್ ಬೇಕು. ಕಾರ್ಡಿನೊಳಗೇ ಇರುವ ಮೂಲ ತಂತ್ರಾಂಶವಾದ ಬಯಾಸ್ ತಿದ್ದುವ ಹಾದಿ ಬೇಗ ಮುಗಿಯುತ್ತದೆ. ಬಯಾಸ್ ತಿದ್ದುವ ನಿಬಿಟರ್ ತಂತ್ರಾಂಶದಲ್ಲಿ ತೆರೆದು 1.05 ವೋಲ್ಟನ್ನು 1.10 ಮಾಡಿ ಕಾರ್ಡಿಗೆ ಮತ್ತೆ ಫ್ಲ್ಯಾಶ್ ಮಾಡಿದರೆ 720, ಅದೃಷ್ಟವಿದ್ದರೆ 730 ಸಿಗುತ್ತದೆ. ಅದರಾಚೆಗೆ ಈ ಕಾರ್ಡಿನ ಬಯಾಸ್‌ನಲ್ಲಿ ಮೆಟ್ಟಿಲೇ ಇಲ್ಲ. ಆಮೇಲಿನದೆಲ್ಲ ಬೆಸುಗೆಯ ಕೆಲಸ.

ಬೆಸುಗೆಗೆ ಮುಂಚೆ ಪೆನ್ಸಿಲ್ ಹಿಡಿದೆ, ಹಳಬರೆಲ್ಲ ಹಿಡಿದಂತೆಯೇ. ಕೋರ್‌ಗೆ ವೋಲ್ಟೇಜ್ ಕೊಡುವ ಕಂಟ್ರೋಲರ್ ಚಿಪ್ ತಾನು ಕೊಟ್ಟದ್ದನ್ನು ನೋಡಿಕೊಳ್ಳುವ ಕಾಲೇ ಫೀಡ್‌ಬ್ಯಾಕ್. ಆ ಕಾಲಿನಿಂದ ಗ್ರೌಂಡಿಗೆ ಹೋಗುವ, ಎಳ್ಳುಕಾಳಿನಷ್ಟು ದೊಡ್ಡ ರೆಸಿಸ್ಟರ್ ಮೇಲೆ ಗ್ರಾಫೈಟ್ ತಿಕ್ಕಿದರೆ ಅದರ ಓಮ್ ಇಳಿಯುತ್ತದೆ, ಕೋರ್ ವೋಲ್ಟೇಜ್ ಏರುತ್ತದೆ. ಶಾಲೆಯ ಎಚ್‌ಬಿ ಪೆನ್ಸಿಲ್ ಪ್ರಯೋಜನವಿಲ್ಲ. ಅದರಲ್ಲಿ ಜೇಡಿಮಣ್ಣು ಹೆಚ್ಚು, ಎಷ್ಟು ಗೀಚಿದರೂ ಮೀಟರ್ ಅಲುಗುವುದಿಲ್ಲ. ಚಿತ್ರ ಬರೆಯುವ 6ಬಿ ತಂದ ಮೇಲೆ ನಾಲ್ಕೇ ಗೀರಿಗೆ 1.21 ಬಂತು. ಸಂತೋಷ ಒಂದು ರಾತ್ರಿಯದು. ಬೆಳಗ್ಗೆ ಅಳೆದರೆ 1.17. ಕಾರ್ಡ್ ಬಿಸಿಯಾದರೆ ಒಂದು ಅಂಕಿ, ಮಳೆ ಬಂದು ಗಾಳಿ ತೇವವಾದರೆ ಇನ್ನೊಂದು ಅಂಕಿ. ಸ್ಕೋರ್ ಒಂದನ್ನು ಹಿಡಿದು ಬಿಡುವವರಿಗೆ ಪೆನ್ಸಿಲ್ ಸಾಕು, ದಿನಾ ಓಡಿಸುವ ಕಾರ್ಡಿಗೆ ಅದು ಕೆಲಸವಲ್ಲ. ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ಒರೆಸಿ ತೆಗೆದೆ.

ನಂತರ ಟ್ರಿಮ್‌ಪಾಟ್, ಅಂದರೆ ತಿರುಪು ತಿರುಗಿಸಿ ಓಮ್ ಬದಲಿಸುವ ಪುಟ್ಟ ರೆಸಿಸ್ಟರ್. ಅದನ್ನು ಫೀಡ್‌ಬ್ಯಾಕ್ ಕಾಲಿಗೂ ಗ್ರೌಂಡಿಗೂ ನಡುವೆ ಸೇರಿಸುವುದು. ನೀಲಿ ಬಣ್ಣದ, ಇಪ್ಪತ್ತೈದು ಸುತ್ತಿನ 3296. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಆಗ ಒಂದಕ್ಕೆ ಇಪ್ಪತ್ತು ರೂಪಾಯಿ ಆಸುಪಾಸು ಇತ್ತು. ಫೀಡ್‌ಬ್ಯಾಕ್ ಕಾಲಿನಿಂದ ಗ್ರೌಂಡಿಗೆ ಅಳೆದಾಗ ಮೀಟರ್ ಐನೂರು ಚಿಲ್ಲರೆ ಓಮ್ ತೋರಿಸಿತು. ಇದು ಕೆಳಗಿನ ರೆಸಿಸ್ಟರ್ ಒಂದರ ಬೆಲೆಯಲ್ಲ. ಫೀಡ್‌ಬ್ಯಾಕ್ ಕಾಲಿನಿಂದ ಕೋರ್ ಕಡೆಗೆ ಹೋಗುವ ಮೇಲಿನ ರೆಸಿಸ್ಟರ್ ಕೋರ್‌ನ ಮೂಲಕ ಗ್ರೌಂಡಿಗೆ ಇಳಿಯುವುದರಿಂದ ಎರಡೂ ಸಮಾನಾಂತರವಾಗಿ ಸೇರಿ ಬರುವ ಅಂಕಿ. ಅಳತೆಯ ಇಪ್ಪತ್ತು ಪಟ್ಟು ಎಂಬ ಹಳೆಯ ಲೆಕ್ಕ ಹಿಡಿದು, ಅದಕ್ಕಿಂತ ಮೇಲಿನ ಸುಲಭದ ಬೆಲೆ 20 ಕಿಲೋ ಓಮ್ ತೆಗೆದುಕೊಂಡೆ. ಪೂರ್ತಿ ಏರಿಸಿಟ್ಟು ವಿದ್ಯುತ್ ಕೊಟ್ಟಾಗ 1.12 ಬಂತು.

ಇಲ್ಲಿಂದ ಮುಂದೆ ಸುಮಾರು ಕಾಲ ಹಾಳಾಯಿತು. ಎಲ್ಲರ ಫೋಟೊಗಳಲ್ಲೂ ಟ್ರಿಮ್‌ಪಾಟ್ ಉದ್ದ ತಂತಿಯ ತುದಿಯಲ್ಲಿ, ಪೆಟ್ಟಿಗೆಯ ಹೊರಗೆ ಠೀವಿಯಿಂದ ತೂಗುತ್ತಿರುತ್ತದೆ. ನಾನೂ ಹಾಗೆಯೇ ಎಳೆದಿದ್ದೆ. 1.2ಕ್ಕೇ ಪರದೆಯ ಮೇಲೆ ಹಳದಿ ಚುಕ್ಕಿಗಳು, ಮೀಟರ್‌ನಲ್ಲಿ ಕೊನೆಯ ಎರಡು ಅಂಕಿ ನಿಲ್ಲದ ಕುಣಿತ. ಫೀಡ್‌ಬ್ಯಾಕ್ ಕಾಲು ಅತಿ ಸೂಕ್ಷ್ಮದ ಜಾಗ, ಉದ್ದ ತಂತಿ ಅಲ್ಲಿಗೆ ಫ್ಯಾನ್ ಮೋಟಾರಿನಿಂದ ಹಿಡಿದು ಎಲ್ಲ ಗದ್ದಲವನ್ನೂ ತಂದು ಸುರಿಯುತ್ತದೆ. ಟ್ರಿಮ್‌ಪಾಟನ್ನು ಕಾರ್ಡಿನ ಬೆನ್ನಿಗೇ ಅಂಟಿಸಿ, ತಂತಿಯನ್ನು ಎರಡು ಸೆಂಟಿಮೀಟರಿಗೆ ಇಳಿಸಿದೆ. ಹಳೆಯ ಹಾರ್ಡ್ ಡಿಸ್ಕಿನ ಐಡಿಇ ಕೇಬಲ್‌ನ ಒಂದು ಎಳೆ, ಅಷ್ಟೇ. ಕುಣಿತ ಅಂದೇ ನಿಂತಿತು. ನೋಡಲು ಚಂದವಿಲ್ಲ, ತಿರುಗಿಸಬೇಕಾದರೆ ಪೆಟ್ಟಿಗೆ ತೆರೆಯಬೇಕು. ತೆರೆದರಾಯಿತು.

ಟ್ರಿಮ್‌ಪಾಟ್ ಜೊತೆಗೆ ಸರಣಿಯಲ್ಲಿ ಒಂದು ಸ್ಥಿರ ರೆಸಿಸ್ಟರ್ ಹಾಕದೆ ಯಾರೂ ಸ್ವಿಚ್ ಒತ್ತಬೇಡಿ. ತಿರುಪು ತಪ್ಪು ದಿಕ್ಕಿನಲ್ಲಿ ತುದಿ ಮುಟ್ಟಿದರೆ ಫೀಡ್‌ಬ್ಯಾಕ್ ನೇರ ಗ್ರೌಂಡಿಗೆ ಬೀಳುತ್ತದೆ. ಕಂಟ್ರೋಲರ್ ಕೋರ್‌ಗೆ ವೋಲ್ಟೇಜೇ ಹೋಗುತ್ತಿಲ್ಲ ಎಂದು ಭಾವಿಸಿ ಕೈಯಲ್ಲಿದ್ದಷ್ಟನ್ನೂ ತಳ್ಳುತ್ತದೆ. ಆಮೇಲೆ ಉಳಿಯುವುದು ವಾಸನೆ. ನನ್ನದರಲ್ಲಿ 2.7 ಕಿಲೋ ಇದೆ. ತಿರುಪನ್ನು ಕೊನೆಯವರೆಗೂ ತಿರುಗಿಸಿದರೂ 1.32 ದಾಟುವುದಿಲ್ಲ. ನಿಮ್ಮ ಕಾರ್ಡಿಗೆ ನಿಮ್ಮದೇ ಲೆಕ್ಕ ಹಾಕಿಕೊಳ್ಳಿ. ಬೆಸುಗೆ ಬಿಟ್ಟು ತಂತಿ ಕಳಚಿದರೆ ಭಯವಿಲ್ಲ, ವೋಲ್ಟೇಜ್ ಮೊದಲಿನಷ್ಟಕ್ಕೆ ಇಳಿಯುತ್ತದೆ.

ಕಂಟ್ರೋಲರ್‌ನ ಕಾಲಿಗೇ ಬೆಸುಗೆ ಹಾಕುವ ಶೂರರಿಗೆ ನಮಸ್ಕಾರ. ನನ್ನ 25 ವ್ಯಾಟಿನ ಸೋಲ್ಡ್ರಾನ್ ಬೆಸುಗೆ ಕಡ್ಡಿಗೆ, ತುದಿಯನ್ನು ಅರದಿಂದ ಎಷ್ಟು ತೆಳುವಾಗಿ ಉಜ್ಜಿದರೂ, ಆ ಕಾಲುಗಳ ನಡುವೆ ಜಾಗವಿಲ್ಲ. ಅದೇ ಗೆರೆಗೆ ಸೇರಿದ ರೆಸಿಸ್ಟರ್ ತುದಿಯನ್ನು ಹುಡುಕಿ, ಫ್ಲಕ್ಸ್ ಹಚ್ಚಿ, ತಂತಿಗೆ ಮೊದಲೇ ಸೀಸ ಹಿಡಿಸಿಟ್ಟು, ಒಂದು ಸಲ ಮುಟ್ಟಿ ತೆಗೆಯುವುದು. ಮುಟ್ಟಿದ ಮೇಲೆ ತಂತಿಯನ್ನು ಬೋರ್ಡಿಗೆ ಹಾಟ್ ಗ್ಲೂ ಹಾಕಿ ಕಟ್ಟಿಬಿಡಬೇಕು. ಗ್ಲೂ ಇಲ್ಲದೆ ಬಿಟ್ಟ ಬೋರ್ಡುಗಳಲ್ಲಿ ತಂತಿ ತಾನು ಹೋಗುವಾಗ ಪ್ಯಾಡನ್ನೂ ಕಿತ್ತುಕೊಂಡೇ ಹೋಯಿತು. ಯಾವ ರೆಸಿಸ್ಟರ್ ಎಂದು ನಾನು ಹೇಳುವುದಿಲ್ಲ. ಕಂಟ್ರೋಲರ್ ಮೇಲಿನ ನಂಬರ್ ಓದಿ, ಡೇಟಾಶೀಟ್ ಬಿಡಿಸಿ, ಮೀಟರ್ ಹಿಡಿದು ಗೆರೆ ಹುಡುಕುವವರಿಗೆ ಹತ್ತು ನಿಮಿಷದ ಕೆಲಸ. ಅಷ್ಟು ಮಾಡಲಾಗದವರು ಮುಂದಿನದನ್ನು ಮಾಡದಿರುವುದೇ ಒಳ್ಳೆಯದು.

ಪ್ರಯೋಗಕ್ಕೆ ಕಾರ್ಡುಗಳು ಅಗ್ಗದಲ್ಲಿ ಸಿಕ್ಕಿದ್ದು ಒಂದು ಬೀಪ್‌ನಿಂದ. ರಿಪೇರಿ ಅಂಗಡಿಯ ಹುಡುಗ ಕೋರ್‌ನ ಕೆಪಾಸಿಟರ್ ಮೇಲೆ ಮೀಟರ್ ಇಟ್ಟು, ಬೀಪ್ ಕೇಳಿಸಿ, "ಸಾರ್, ಇದು ಶಾರ್ಟ್ ಆಗಿದೆ, ಗುಜರಿಗೆ ಹಾಕಬೇಕು" ಎಂದ. ಇಷ್ಟು ದೊಡ್ಡ ಚಿಪ್‌ನ ಕೋರ್ ಗ್ರೌಂಡಿಗೆ ಒಂದು ಓಮ್ ಆಸುಪಾಸು ತೋರಿಸುವುದು ಸಹಜ, ಮೀಟರ್ ಬೀಪ್ ಅನ್ನಲೇಬೇಕು. ನಾನು ಬಾಯಿ ಬಿಡಲಿಲ್ಲ. ಗುಜರಿ ಬೆಲೆಗೇ ಕೊಡಪ್ಪ ಎಂದೆ. ಹಾಗೆ ಇನ್ನೂರು, ಇನ್ನೂರೈವತ್ತಕ್ಕೆ ತಂದವುಗಳಲ್ಲಿ ಅರ್ಧದಷ್ಟು ಮನೆಗೆ ಬಂದು ಎದ್ದು ಕುಳಿತವು.

ಈಗ ಮುಖ್ಯ ಮಾತು. 1.25 ದಾಟಿದ ಕೂಡಲೇ ಎಲ್ಲರಿಗೂ ಒಂದೇ ಗತಿ: ಹತ್ತು ನಿಮಿಷ ಸರಿಯಾಗಿ ಓಡಿ, ಪರದೆ ಕಪ್ಪು. ಕೋರ್ ಸಾಕಾಯಿತು ಎಂದು ತೀರ್ಮಾನಿಸಿ ಕೆಳಗಿಳಿಯುತ್ತಾರೆ. ಕೋರ್ ಸಾಕಾದರೆ ಮೊದಲು ಚುಕ್ಕಿ, ಹರಿದ ತ್ರಿಕೋನಗಳು ಬರಬೇಕು. ಚುಕ್ಕಿ ಹುಡುಕುವ ಎಟಿಐಟೂಲ್ ಪರೀಕ್ಷೆಯಲ್ಲಿ ಒಂದೂ ಚುಕ್ಕಿಯಿಲ್ಲದೆ ದಿಢೀರನೆ ಕತ್ತಲಾದರೆ ಅದು ಕರೆಂಟ್ ಮಿತಿಮೀರಿದಾಗ ಕಡಿದುಹಾಕುವ ಓವರ್ ಕರೆಂಟ್ ರಕ್ಷಣೆ ಎದ್ದದ್ದು. ಇದನ್ನು ಬಲ್ಲವರು ಮುಂದೆ ಹೋಗಿ ಆ ರಕ್ಷಣೆಯ ರೆಸಿಸ್ಟರನ್ನೇ ಬದಲಿಸುತ್ತಾರೆ. ಕಾವಲುಗಾರನನ್ನು ಮನೆಗೆ ಕಳಿಸಿದ ಮೇಲೆ, ಕೋರ್‌ಗೆ ಕರೆಂಟ್ ಹರಿಸುವ ಸ್ವಿಚ್ಚಿನಂಥ ಮಾಸ್ಫೆಟ್ ಸುಡುತ್ತದೆ, ಒಂದು ಕಾರ್ಡ್ ನನ್ನ ಕಣ್ಣೆದುರೇ ಹಾಗೆ ಹೋಯಿತು.

ನನ್ನ ತಲೆಗೆ ಹೊಳೆದದ್ದು ಬೇರೆ. ಈ ಬಗೆಯ ಅಗ್ಗದ ವಿನ್ಯಾಸಗಳಲ್ಲಿ ಕರೆಂಟ್ ಅಳೆಯಲು ಬೇರೆ ರೆಸಿಸ್ಟರ್ ಇಡುವುದಿಲ್ಲ, ಗ್ರೌಂಡ್ ಕಡೆಯ ಮಾಸ್ಫೆಟ್ ಆನ್ ಆಗಿರುವಾಗಿನ ಅದರದೇ ರೆಸಿಸ್ಟೆನ್ಸ್ ಮೇಲೆ ಬೀಳುವ ವೋಲ್ಟೇಜ್ ನೋಡುತ್ತಾರೆ. ಮಾಸ್ಫೆಟ್ ಬಿಸಿಯಾದಷ್ಟೂ ಆ ರೆಸಿಸ್ಟೆನ್ಸ್ ಏರುತ್ತದೆ. ಹರಿಯುವ ಕರೆಂಟ್ ಅಷ್ಟೇ ಇದ್ದರೂ ಕಂಟ್ರೋಲರ್ ಕಣ್ಣಿಗೆ ಅದು ಹೆಚ್ಚಾಗಿ ಕಾಣುತ್ತದೆ. ಹತ್ತು ನಿಮಿಷದ ಲೆಕ್ಕ ಅಲ್ಲಿಂದ ಬಂದದ್ದು. ಹಾಗಾದರೆ ಮಾಡಬೇಕಾದದ್ದು ಮಾಸ್ಫೆಟ್ ತಣ್ಣಗಿಡುವುದು, ರಕ್ಷಣೆ ಮುಟ್ಟುವುದಲ್ಲ. ಹೇಳಿದಾಗ ನಕ್ಕರು. "ಮಾಸ್ಫೆಟ್‌ಗೆ ಫ್ಯಾನ್ ಹಾಕಿ ಎಂಟುನೂರು ಮಾಡುತ್ತೀರಾ ಸಾರ್?" ಎಂದು ಕೇಳಿದವರು ಈಗ ಫೋನ್ ಮಾಡಿ ಹೀಟ್‌ಸಿಂಕ್ ಅಳತೆ ಕೇಳುತ್ತಾರೆ.

ಮೂಲ ಕೂಲರ್ ಒಂದೇ ಸ್ಲಾಟಿನದು, ಫ್ಯಾನ್ ಸೋಮಾರಿ, ಕೋರ್ ತೊಂಬತ್ತು ದಾಟಿದರೂ ಏಳುವುದಿಲ್ಲ. ಅದನ್ನು ಕಿತ್ತು, ಹಳೆಯ ಪ್ರೊಸೆಸರ್ ಟವರ್ ಕೂಲರ್ ಒಂದನ್ನು ನಾಲ್ಕು ಬೋಲ್ಟ್, ನೈಲಾನ್ ವಾಷರ್ ಹಾಕಿ ಕೂರಿಸಿದೆ. ಕೋರ್ ಅರವತ್ತರ ಒಳಗೆ ಬಂತು. ಮಾಸ್ಫೆಟ್‌ಗಳಿಗೆ ಕೆಟ್ಟ ಆಂಪ್ಲಿಫೈಯರ್ ಒಂದರ ಅಲ್ಯೂಮಿನಿಯಂ ಹೀಟ್‌ಸಿಂಕ್ ಕೊಯ್ದು ತುಂಡು ಮಾಡಿದೆ. ಅಂಟಿಸಿದ್ದು ಯಾವುದರಿಂದ ಎಂಬುದು ನನ್ನ ಬಳಿಯೇ ಇರಲಿ. ಮಾರುಕಟ್ಟೆಯಲ್ಲಿ ಥರ್ಮಲ್ ಅಂಟು ಎಂದು ಕೊಡುವ ಬಿಳಿ ಟ್ಯೂಬ್ ಮಾತ್ರ ಅಲ್ಲ, ಆ ತುಂಡುಗಳು ಬೇಸಿಗೆಯಲ್ಲಿ ಜಾರಿ ಬೀಳುತ್ತಿದ್ದವು. ಮೇಲೆ ಒಂದು 80 ಮಿಲಿಮೀಟರ್ ಫ್ಯಾನ್. ಅಳೆಯಲು ಕೋವಿಡ್ ಕಾಲದ ಹಣೆ ನೋಡುವ ಗನ್ ಹಿಡಿದು ನೋಡಿದೆ. ಅದಕ್ಕೆ ನಲವತ್ತು ಚಿಲ್ಲರೆ ದಾಟಿದರೆ ಜ್ವರ ಜಾಸ್ತಿ ಎಂಬುದಷ್ಟೇ ಗೊತ್ತು. ಮೀಟರ್ ಜೊತೆ ಬರುವ ತಂತಿಯಂಥ ಥರ್ಮೊಕಪಲ್ ಸಾಕು. ನೂರೈದರ ಸುತ್ತ ಇದ್ದದ್ದು ಎಪ್ಪತ್ತಕ್ಕೆ ಇಳಿಯಿತು. ಕತ್ತಲು ಬರುವುದೂ ನಿಂತಿತು.

ವಿದ್ಯುತ್ತಿನ ಲೆಕ್ಕ ಮರೆಯಬಾರದು. 1.05ರಿಂದ ಹೊರೆಯಲ್ಲಿ 1.27ಕ್ಕೆ, 600ರಿಂದ 810ಕ್ಕೆ ಹೋದರೆ ಕೋರ್ ತಿನ್ನುವುದು ಹೆಚ್ಚುಕಡಿಮೆ ಎರಡು ಪಟ್ಟು. ವೇಗದ ಜೊತೆಗೆ ವೋಲ್ಟೇಜಿನ ವರ್ಗವನ್ನೂ ಗುಣಿಸುವ ಲೆಕ್ಕ. ಕಾರ್ಡಿನ ಮೂಲ ಅಂದಾಜು 105 ವ್ಯಾಟ್, ಮದರ್‌ಬೋರ್ಡ್ ಸ್ಲಾಟಿನ 75 ಮತ್ತು ಆರು ಪಿನ್ ವಿದ್ಯುತ್ ತಂತಿಯ 75 ಸೇರಿದರೆ ಕಾಗದದ ಮೇಲೆ 150. ನಾವು ಅದರ ಆಚೆ ಇದ್ದೇವೆ. ನಾಲ್ಕು ಪಿನ್ನನ್ನು ಆರು ಪಿನ್ ಮಾಡುವ ಅಗ್ಗದ ಕನ್ವರ್ಟರ್ ಒಂದು ಸಂಜೆಯಲ್ಲೇ ಕಂದು ತಿರುಗಿ ಮೆತ್ತಗಾಯಿತು. ಪವರ್ ಸಪ್ಲೈನಿಂದಲೇ ಹೊರಡುವ ಆರು ಪಿನ್ ತಂತಿ ಇಲ್ಲದಿದ್ದರೆ ಈ ಕೆಲಸಕ್ಕೆ ಇಳಿಯಬೇಡಿ. ಗೋಡೆಯ ಮೀಟರ್‌ನಲ್ಲಿ ಇಡೀ ಯಂತ್ರ ಇನ್ನೂರರ ಹತ್ತಿರ ಇದ್ದದ್ದು ಮುನ್ನೂರು ಮುಟ್ಟಿತು.

ನಡುವೆ ಅಡ್ಡದಾರಿಗಳೂ ಇದ್ದವು. ಮೆಮೊರಿ ವೋಲ್ಟೇಜ್ ಏರಿಸಿದೆ. ನನ್ನ ಕಾರ್ಡಿನಲ್ಲಿದ್ದದ್ದು ಕಿಮೊಂಡಾ ಚಿಪ್‌ಗಳು, 2009ರ ಆರಂಭದಲ್ಲಿ ದಿವಾಳಿಯಾದ ಜರ್ಮನ್ ಕಂಪನಿಯವು. 900ರಿಂದ ಸಾವಿರ ಚಿಲ್ಲರೆಗೆ ವೋಲ್ಟೇಜ್ ಏರಿಸದೆಯೇ ಹೋಗುತ್ತಿದ್ದವು, ಏರಿಸಿದ ಮೇಲೆ ಇಪ್ಪತ್ತೂ ಹೆಚ್ಚಲಿಲ್ಲ. ಬಿಚ್ಚಿ ಹಾಕಿದೆ. ಸತ್ತ ಮದರ್‌ಬೋರ್ಡಿನ ಪಾಲಿಮರ್ ಕೆಪಾಸಿಟರ್‌ಗಳನ್ನು ಕೋರ್‌ನ ಬೆನ್ನಿಗೆ ಸೇರಿಸಿದ್ದು ಮಾತ್ರ ದಂಡವಾಗಲಿಲ್ಲ. ಶೇಡರ್ ವೇಗ ಈ ಚಿಪ್‌ನಲ್ಲಿ 54 ಮೆಗಾಹರ್ಟ್ಸ್ ಹೆಜ್ಜೆಯಲ್ಲೇ ಏರುವುದು, 1998ರಲ್ಲಿ ಹಟ ಹಿಡಿದಿದ್ದದ್ದು 2052ಕ್ಕೆ ದಾಟಿದ್ದು ಇವುಗಳಿಂದ. ವೇಗ ಬದಲಿಸುವ ರಿವಾಟ್ಯೂನರ್ ತಂತ್ರಾಂಶದಲ್ಲಿ ಶೇಡರನ್ನು ಕೋರ್‌ನಿಂದ ಬೇರ್ಪಡಿಸಿಯೇ ಏರಿಸಿ, ಇಲ್ಲದಿದ್ದರೆ ಯಾರು ಮೊದಲು ಸೋತರು ಎಂದು ತಿಳಿಯುವುದಿಲ್ಲ. ಡಿಸೆಂಬರಿನಲ್ಲಿ ಅಕ್ವೇರಿಯಂ ಪಂಪ್, ಬಕೆಟ್ ತುಂಬ ಐಸ್ ಇಟ್ಟೂ ನೋಡಿದೆ. ವ್ಯಾಸಲೀನ್ ಬಳಿದಿದ್ದರೂ ಚಿಪ್ ಮೇಲಿನ ತಣ್ಣೀರಿನ ಬ್ಲಾಕಿನ ಸುತ್ತ ಬೆವರಿ ಹನಿ ಇಳಿಯಿತು. ಆ ಕಾರ್ಡ್ ಮತ್ತೆ ಮಾತಾಡಲಿಲ್ಲ. ಐಸ್‌ನಲ್ಲಿ ಗಳಿಸಿದ್ದು ಮೂವತ್ತು ಮೆಗಾಹರ್ಟ್ಸ್.

ಅಂಕಿಗಳು ನೆನಪಿನಿಂದ: ಗ್ರಾಫಿಕ್ಸ್ ವೇಗಕ್ಕೆ ಅಂಕ ಕೊಡುವ 3ಡಿಮಾರ್ಕ್06 ಪರೀಕ್ಷೆಯಲ್ಲಿ ಇ8400 ಪ್ರೊಸೆಸರನ್ನು ನಾಲ್ಕು ಗಿಗಾಹರ್ಟ್ಸ್‌ಗೆ ಏರಿಸಿಟ್ಟು, ಕಾರ್ಡ್ ಮೂಲ ವೇಗದಲ್ಲಿದ್ದಾಗ ಹನ್ನೆರಡು ಸಾವಿರದ ಹತ್ತಿರ, ಈಗ ಹದಿನಾಲ್ಕು ಸಾವಿರ ಮುಟ್ಟಿ ಸ್ವಲ್ಪ ಮೇಲೆ. ಕಾರ್ಡಿಗೆ ಪೂರ್ತಿ ಹೊರೆ ಹಾಕುವ ಫರ್‌ಮಾರ್ಕ್ ಪರೀಕ್ಷೆಯನ್ನು ಅರ್ಧ ಗಂಟೆ ತಡೆಯುತ್ತದೆ. ದಿನದ ಆಟಕ್ಕೆ 783ಕ್ಕೆ ಇಳಿಸಿ, ತಿರುಪನ್ನು ಎರಡು ಸುತ್ತು ಹಿಂದಕ್ಕೆ ಬಿಟ್ಟಿದ್ದೇನೆ.

ಖರ್ಚು ಕೇಳುತ್ತೀರಿ. ಓಡುತ್ತಿದ್ದ ಮೊದಲ ಕಾರ್ಡ್ ಒಂಬೈನೂರು, ಗುಜರಿ ಕಾರ್ಡುಗಳು ಎಲ್ಲ ಸೇರಿ ಎರಡು ಸಾವಿರದ ಹತ್ತಿರ, ಥರ್ಮೊಕಪಲ್ ಇರುವ ಮೀಟರ್ ಎಂಟುನೂರು, ಫ್ಯಾನ್, ಪೇಸ್ಟ್, ಪಂಪ್, ಚಿಲ್ಲರೆ ಸಾಮಾನು ಸೇರಿ ಒಟ್ಟು ಆರು ಸಾವಿರ ದಾಟಿರಬೇಕು. ಅಷ್ಟರೊಳಗೆ ಸೆಕೆಂಡ್ ಹ್ಯಾಂಡ್ ಜಿಫೋರ್ಸ್ 750 ಟಿಐ ಕಾರ್ಡ್ ಬರುತ್ತಿತ್ತು, 60 ವ್ಯಾಟಿನಲ್ಲಿ ಇದನ್ನು ಹಿಂದೆ ಹಾಕುತ್ತಿತ್ತು ಎಂದು ಹೇಳುವವರಿದ್ದಾರೆ. ಹಾಕುತ್ತಿತ್ತು, ನಿಜ. ಅದನ್ನು ಕೊಂಡು ತಂದವನು ಸ್ಲಾಟಿಗೆ ಚುಚ್ಚಿ ಸುಮ್ಮನೆ ಕೂರಬೇಕಾಗುತ್ತಿತ್ತು. ಉಳಿದ ಟ್ರಿಮ್‌ಪಾಟ್‌ಗಳು ಡಬ್ಬಿಯಲ್ಲಿವೆ, ಅಂಗಡಿಯ ಹುಡುಗ ನಿನ್ನೆ ಬೀಪ್ ಅನ್ನುವ ರೇಡಿಯಾನ್ 4850 ಒಂದು ಬಂದಿದೆ ಎಂದು ಫೋನ್ ಮಾಡಿದ್ದ. ಶನಿವಾರ ಹೋಗಿ ತರುತ್ತೇನೆ, ಮುನ್ನೂರಕ್ಕಿಂತ ಹೆಚ್ಚು ಕೊಡುವುದಿಲ್ಲ.