ಸೊಂಟದ ಒಪ್ಪಿಗೆ ಪಡೆದು ಕೊಂಡ ಕೊನೆಯ ಕಾರು

ಎಪ್ಪತ್ತರ ಹತ್ತಿರ ಬಂದವನು ಕಾರು ಕೊಳ್ಳಲು ಹೊರಟರೆ ಸಿಗುವ ಸಲಹೆಗಳೆಲ್ಲ ಒಂದೇ ಬಗೆಯವು. ಚಿಕ್ಕದು ತೆಗೆದುಕೊಳ್ಳಿ, ಇಂಧನ ಕಡಿಮೆ ಕುಡಿಯುವುದನ್ನು ನೋಡಿ, ಈ ವಯಸ್ಸಿನಲ್ಲಿ ಅಷ್ಟು ಅವಸರವಾಗಿ ಹೋಗುವುದಾದರೂ ಎಲ್ಲಿಗೆ ಎಂದು ಎಲ್ಲರೂ ಕೇಳುತ್ತಾರೆ. ದುಡಿಯುತ್ತಿದ್ದ ಕಾಲದಲ್ಲಿ ನಾನು ಕೊಂಡ ಕಾರುಗಳೆಲ್ಲ ಇಂಥ ಸಲಹೆಗಳ ಪ್ರಕಾರವೇ ಬಂದಿದ್ದವು. ಡಿಕ್ಕಿ ದೊಡ್ಡದಿರಬೇಕು, ಹಿಂದಿನ ಸೀಟಿನಲ್ಲಿ ಮೂವರು ಕೂರಬೇಕು, ಮಾರುವಾಗ ಬೆಲೆ ಬರಬೇಕು. ಇದಾದ ಮೇಲೆ ಇನ್ನೊಂದು ಕಾರು ಕೊಳ್ಳುವ ಪ್ರಸಂಗ ಬರಲಾರದು ಎಂದು ಮನವರಿಕೆಯಾದಾಗ, ಮಾರುವ ಬೆಲೆಯ ಚಿಂತೆ ತಾನಾಗಿಯೇ ಬಿದ್ದುಹೋಯಿತು. ಉಳಿದದ್ದು ಎರಡೇ ಪ್ರಶ್ನೆ. ನನಗೆ ಯಾವುದು ಇಷ್ಟ? ಆ ಇಷ್ಟವನ್ನು ನನ್ನ ಮೈ ಇನ್ನೂ ಹತ್ತು ವರ್ಷ ತಾಳುತ್ತದೆಯೇ?

ಎರಡನೆಯ ಪ್ರಶ್ನೆಯಿಂದಲೇ ಶುರು ಮಾಡಿದೆ. ಶೋಕಿಗೆಂದು ಕೊಂಡ ಕಾರಿಗೆ ಹತ್ತಿ ಇಳಿಯುವಾಗ ಪ್ರತಿ ಸಲವೂ ಮುಖ ಕಿವುಚುವಂತಾದರೆ ಅದು ಶೋಕಿಯಲ್ಲ, ಶಿಕ್ಷೆ. ಮನಸ್ಸು ಮೊದಲು ಹಾರಿದ್ದು ಎರಡು ಸೀಟಿನ, ಮೇಲ್ಛಾವಣಿ ತೆರೆಯುವ ಕಾರುಗಳ ಕಡೆಗೆ. 1989ರಲ್ಲಿ ಮಜ್ದಾ ಎಂಎಕ್ಸ್-5 ಬಂದಾಗಿನಿಂದ ಅದರ ಮೇಲೆ ಕಣ್ಣಿತ್ತು. ಹಗುರ, ಹಿಂದಿನ ಚಕ್ರಗಳಿಗೆ ಎಳೆತ, ಸ್ಟಿಯರಿಂಗ್ ಹಿಡಿದರೆ ರಸ್ತೆಯೇ ಕೈಗೆ ಬಂದಂತೆ. ಆದರೆ ಅದರ ಸೀಟು ನೆಲಕ್ಕೆ ತೀರ ಹತ್ತಿರ. ಒಳಗೆ ಇಳಿಯುವುದು ಸುಲಭ, ಭೂಮಿಯ ಸೆಳೆತವೇ ಆ ಕೆಲಸ ಮಾಡುತ್ತದೆ. ಮೇಲೇಳುವಾಗ ಮಾತ್ರ ಮಂಡಿ ಸೊಂಟಕ್ಕಿಂತ ಮೇಲಿರುತ್ತದೆ, ಇಡೀ ಭಾರವನ್ನು ತೊಡೆಯೇ ಎತ್ತಬೇಕು. ಇಂದು ನನ್ನಿಂದ ಆಗುತ್ತದೆ. ಹತ್ತು ವರ್ಷದ ನಂತರದ ನನ್ನಿಂದ ಆಗದು.

ಆ ಬಳಿಕ ಒಂದು ಕಟ್ಟುನಿಟ್ಟಿನ ಪರೀಕ್ಷೆ ಮಾಡಿಕೊಂಡೆ. ಯಾವ ಕಾರೇ ಆಗಲಿ, ಓಡಿಸಿ ನೋಡುವ ಮೊದಲು ಬೆನ್ನನ್ನು ಕಾರಿನ ಕಡೆಗೆ ಮಾಡಿ ನಿಂತು, ಸೀಟಿನ ಮೇಲೆ ಕುಳಿತು, ಎರಡೂ ಕಾಲುಗಳನ್ನು ಒಟ್ಟಿಗೆ ಒಳಗೆ ತಿರುಗಿಸುವುದು. ಹಾಗೆಯೇ ಹೊರಗೆ ಬರುವುದು. ಇದನ್ನು ಬೇಸರ ಬರುವಷ್ಟು ಸಲ ಮಾಡುವುದು. ಮಾರಾಟದ ಹುಡುಗರು ವಿಚಿತ್ರವಾಗಿ ನೋಡುತ್ತಾರೆ, ನೋಡಲಿ. ಮೊದಲ ಸಲ ಎಲ್ಲ ಕಾರೂ ಚೆನ್ನಾಗಿಯೇ ಇರುತ್ತದೆ. ಸೊಂಟ ತನ್ನ ಅಭಿಪ್ರಾಯ ಹೇಳುವುದು ಕೆಲವು ಸಲವಾದ ಮೇಲೆ. ಬಾಗಿಲ ಕೆಳಗಿನ ಹೊಸ್ತಿಲು ಎಷ್ಟು ಅಗಲವಿದೆ ಎನ್ನುವುದೂ ಆಗಲೇ ತಿಳಿಯುತ್ತದೆ. ಅದು ಅಗಲವಾದಷ್ಟೂ ಕಾಲನ್ನು ದೂರ ಚಾಚಬೇಕು.

ಎರಡು ಬಾಗಿಲಿನ ಕೂಪೆಗಳು ಆಸೆಯ ಪಟ್ಟಿಯಿಂದ ಹೊರಬಿದ್ದದ್ದು ಯಾರೂ ಹೇಳದ ಎರಡು ಕಾರಣಗಳಿಗೆ. ಅವುಗಳ ಬಾಗಿಲು ಉದ್ದ. ಪಕ್ಕದಲ್ಲಿ ಇನ್ನೊಂದು ಕಾರು ನಿಂತಿದ್ದರೆ ಬಾಗಿಲು ಅರ್ಧವೂ ತೆರೆಯುವುದಿಲ್ಲ, ಆ ಸಂದಿಯಲ್ಲಿ ಮೈ ತಿರುಚಿ ಹೊರಬರಬೇಕು. ಜೊತೆಗೆ ಸೀಟ್ ಬೆಲ್ಟ್ ಭುಜಕ್ಕಿಂತ ಬಹಳ ಹಿಂದೆ ತೂಗುತ್ತಿರುತ್ತದೆ. ಭುಜದ ಕೀಲು ಒಮ್ಮೆ ಹಿಡಿದುಕೊಂಡವರಿಗೆ ಆ ಹಿಂದಕ್ಕೆ ಚಾಚುವ ಕೈಯ ಕಷ್ಟ ಗೊತ್ತು. ನಾಲ್ಕು ಬಾಗಿಲಿನ ಕಾರಿನಲ್ಲಿ ಎರಡು ಬಾಗಿಲುಗಳ ನಡುವಿನ ಕಂಬ ಮುಂದಿರುತ್ತದೆ, ಬೆಲ್ಟ್ ಕೈಗೆ ಎಟಕುತ್ತದೆ. ಹೀಗೆ ನನ್ನ ಕನಸಿನ ಕಾರಿಗೆ ನಾಲ್ಕು ಬಾಗಿಲು ಬಂದವು.

ಕಣ್ಣಿನ ವಿಷಯ ಇನ್ನೂ ದೊಡ್ಡದು. ಇಪ್ಪತ್ತರ ಹರೆಯದವರ ಅಕ್ಷಿಪಟಲಕ್ಕೆ ತಲುಪುವ ಬೆಳಕಿನಲ್ಲಿ ಸುಮಾರು ಮೂರನೇ ಒಂದು ಪಾಲು ಮಾತ್ರ ಅರವತ್ತರವರಿಗೆ ತಲುಪುತ್ತದೆ. ಪಾಪೆ ಕಿರಿದಾಗುತ್ತದೆ, ಮಸೂರ ಹಳದಿಗಟ್ಟುತ್ತದೆ. ಎದುರಿನ ದೀಪದ ಪ್ರಖರತೆಯಿಂದ ಚೇತರಿಸಿಕೊಳ್ಳಲೂ ಹೆಚ್ಚು ಹೊತ್ತು ಬೇಕು. ನನ್ನ ಒಂದು ಕಣ್ಣಿನಲ್ಲಿ ಪೊರೆ ಬೆಳೆಯುತ್ತಿತ್ತು. ಕಾರು ಹುಡುಕುವುದನ್ನು ನಿಲ್ಲಿಸಿ ಮೊದಲು ಅದರ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡೆ. ಒಳ್ಳೆಯ ಹೆಡ್‌ಲೈಟಿಗೆ ದುಡ್ಡು ಸುರಿದು, ಆ ಬೆಳಕನ್ನು ಕಣ್ಣಿನೊಳಗೆ ಬಿಡದೆ ಇರುವುದರಲ್ಲಿ ಅರ್ಥವಿಲ್ಲ.

ಹೊಸ ತಂತ್ರಜ್ಞಾನಗಳಲ್ಲಿ ನಾನು ಹಟ ಹಿಡಿದು ಬೇಕೆಂದದ್ದು ಹೆಡ್-ಅಪ್ ಡಿಸ್ಪ್ಲೇ. ವೇಗದ ಅಂಕಿ ಮುಂದಿನ ಗಾಜಿನಲ್ಲಿ ಪ್ರತಿಫಲಿಸಿ, ಬಾನೆಟ್ಟಿನ ತುದಿಯ ಬಳಿ, ಎರಡು ಮೀಟರಿಗೂ ದೂರದಲ್ಲಿ ತೇಲುತ್ತಿರುವಂತೆ ಕಾಣುತ್ತದೆ. ಚಾಳೀಸು ಬಂದ ಕಣ್ಣಿಗೆ ರಸ್ತೆಯಿಂದ ಡ್ಯಾಶ್‌ಬೋರ್ಡಿಗೆ, ಡ್ಯಾಶ್‌ಬೋರ್ಡಿನಿಂದ ರಸ್ತೆಗೆ ದೃಷ್ಟಿ ಹೊಂದಿಸುವ ಕೆಲಸ ತಪ್ಪುತ್ತದೆ. ಯುವಕರಿಗೆ ಅದು ಅಲಂಕಾರ, ನನಗೆ ಕನ್ನಡಕದ ಮುಂದುವರಿಕೆ. ಒಂದು ಎಚ್ಚರ: ಪೋಲರೈಸ್ಡ್ ತಂಪು ಕನ್ನಡಕ ಹಾಕಿಕೊಂಡರೆ ಆ ಅಂಕಿಗಳು ಬಹುತೇಕ ಮಾಯವಾಗುತ್ತವೆ. ಕತ್ತು ಮೊದಲಿನಷ್ಟು ತಿರುಗದ ಕಾರಣ, ಪಕ್ಕದ ಕುರುಡು ಜಾಗದಲ್ಲಿ ವಾಹನ ಬಂದರೆ ಎಚ್ಚರಿಸುವ ದೀಪವನ್ನೂ ಕಡ್ಡಾಯ ಮಾಡಿಕೊಂಡೆ. ಪರದೆಯನ್ನು ಮುಟ್ಟದೆಯೇ ಕೆಲಸ ನಡೆಸಬಲ್ಲ ಒಂದು ತಿರುಗುಗುಂಡಿ ಇರಲೇಬೇಕಿತ್ತು. ಚಲಿಸುವ ಕಾರಿನಲ್ಲಿ ನುಣುಪಾದ ಗಾಜಿನ ಮೇಲೆ ಬೆರಳಿಟ್ಟು ಗುರಿ ಹಿಡಿಯುವ ಆಟ ನನಗೆ ಬೇಡ.

ಇಷ್ಟೆಲ್ಲ ವಿವೇಕದ ಮಾತಾಯಿತು. ಶೋಕಿ ಎಲ್ಲಿ ಎಂದರೆ, ಬಾನೆಟ್ಟಿನ ಕೆಳಗೆ.

ನನಗೆ ಬೇಕಿದ್ದದ್ದು ಸಾಲಾಗಿ ಆರು ಸಿಲಿಂಡರುಗಳಿರುವ ಇಂಜಿನ್. ನಾಲ್ಕು ಸಿಲಿಂಡರಿನ ಇಂಜಿನ್ನಿನಲ್ಲಿ ಎರಡು ಪಿಸ್ಟನ್ ಮೇಲೆ ಹೋದಾಗ ಎರಡು ಕೆಳಗೆ ಬರುತ್ತವೆ, ಮೊದಲ ಹಂತದ ಬಲಗಳು ರದ್ದಾಗುತ್ತವೆ. ಆದರೆ ಪಿಸ್ಟನ್ ತನ್ನ ದಾರಿಯ ಮೇಲರ್ಧದಲ್ಲಿ ಕೆಳ ಅರ್ಧಕ್ಕಿಂತ ವೇಗವಾಗಿ ಚಲಿಸುವುದರಿಂದ, ಪಿಸ್ಟನ್ನುಗಳು ತಿರುಗಿಸುವ ಕ್ರ್ಯಾಂಕ್ ದಂಡ ಸುತ್ತುವ ವೇಗದ ಎರಡು ಪಟ್ಟಿನಲ್ಲಿ ಎರಡನೆಯ ಹಂತದ ಒಂದು ನಡುಕ ಉಳಿದೇ ಉಳಿಯುತ್ತದೆ. ಅದನ್ನು ಅಡಗಿಸಲು ಎದುರುಬದುರಾಗಿ ಸುತ್ತುವ ಎರಡು ಸಮತೋಲನ ದಂಡಗಳನ್ನು ಹಾಕುತ್ತಾರೆ. ಸಾಲಿನ ಆರರಲ್ಲಿ ಆ ಉಪಾಯದ ಅಗತ್ಯವೇ ಇಲ್ಲ. ಒಂದನೆಯದು ಮತ್ತು ಆರನೆಯದು, ಎರಡು ಮತ್ತು ಐದು, ಮೂರು ಮತ್ತು ನಾಲ್ಕು ಜೋಡಿಯಾಗಿ ಚಲಿಸುತ್ತವೆ. ಜೋಡಿಗಳ ನಡುವೆ 120 ಡಿಗ್ರಿ ಅಂತರ. ಎರಡೂ ಹಂತದ ಬಲಗಳು ತಮ್ಮಷ್ಟಕ್ಕೇ ಶೂನ್ಯವಾಗುತ್ತವೆ, ಮುಂದೆ ಹಿಂದೆ ತೂಗುವ ಓಲಾಟವೂ ಇರುವುದಿಲ್ಲ. ಓದಿದಾಗ ಇದು ಗಣಿತ. ಕೆಂಪು ದೀಪದಲ್ಲಿ ನಿಂತಿರುವಾಗ ಅಂಗೈಯಲ್ಲಿ ಏನೂ ನಡುಗದಿರುವುದು, ವೇಗ ಏರಿದಂತೆ ದನಿ ಒಡೆಯದೆ ಒಂದೇ ಎಳೆಯಾಗಿ ಏರುವುದು, ಇವು ಗಣಿತ ತಿಳಿಯದವರಿಗೂ ಗೊತ್ತಾಗುತ್ತವೆ.

ಉದ್ದವೇ ಈ ಇಂಜಿನ್ನಿನ ಶತ್ರು. ಅಡ್ಡಲಾಗಿ ಇಂಜಿನ್ ಇಟ್ಟು ಮುಂದಿನ ಚಕ್ರ ಎಳೆಯುವ ಕಾರುಗಳು ಹೆಚ್ಚಾದಂತೆ ಕಂಪನಿಗಳು ಮೂರು ಮೂರು ಸಿಲಿಂಡರುಗಳನ್ನು ವಿ ಆಕಾರದಲ್ಲಿ ಎರಡು ಸಾಲಾಗಿಸಿದ ಗಿಡ್ಡನೆಯ ವಿ-6ಕ್ಕೆ ಹೊರಳಿದವು. ಮರ್ಸಿಡಿಸ್ 1990ರ ದಶಕದ ಕೊನೆಗೆ ಪೆಟ್ರೋಲ್ ಕಾರುಗಳಲ್ಲಿ ಇದನ್ನು ಕೈಬಿಟ್ಟು, 2017ರಲ್ಲಿ ಮತ್ತೆ ತಂದಿತು. ಬಿಎಂಡಬ್ಲ್ಯು ಮಾತ್ರ ಬಿಡದೆ ಕಾಪಾಡಿಕೊಂಡು ಬಂತು. ಅದರ ಮೊದಲ ಆರು ಸಿಲಿಂಡರಿನ ಕಾರು 1933ರ 303. ನಾನು ಕೊನೆಗೆ ಕೊಂಡದ್ದು ಬಿಎಂಡಬ್ಲ್ಯು 540ಐ, 2017ರಿಂದ 2023ರವರೆಗೆ ತಯಾರಾದ ಪೀಳಿಗೆಯದು. 2,998 ಸಿಸಿ, 340 ಅಶ್ವಶಕ್ತಿ. ಇದೇ ಇಂಜಿನ್ ಕುಟುಂಬವನ್ನು ಟೊಯೊಟಾ ತನ್ನ ಸುಪ್ರಾ ಕಾರಿಗೂ ತೆಗೆದುಕೊಂಡಿದೆ. ಕೊನೆಯ ಕಾರು ಕೊಳ್ಳುವವನಿಗೆ ಇದು ಮುಖ್ಯ ಮಾತು: ಹೆಚ್ಚು ಮಾದರಿಗಳಲ್ಲಿ ಬಳಕೆಯಾದ ಇಂಜಿನ್ನಿಗೆ ಬಿಡಿಭಾಗವೂ, ಅದನ್ನು ಬಲ್ಲ ಮೆಕ್ಯಾನಿಕ್ಕೂ ಬಹುಕಾಲ ಸಿಗುತ್ತಾರೆ.

ವಿದ್ಯುತ್ ಕಾರನ್ನು ನೋಡದೆ ತಳ್ಳಿಹಾಕಿದೆ ಎಂದುಕೊಳ್ಳಬೇಡಿ. ನಯವೇ ಮುಖ್ಯವಾದರೆ ಯಾವ ಆರು ಸಿಲಿಂಡರೂ ಅದರ ಮುಂದೆ ನಿಲ್ಲುವುದಿಲ್ಲ. ಮನೆಯಲ್ಲಿ ಚಾರ್ಜ್ ಮಾಡಿಕೊಳ್ಳುವ ಅನುಕೂಲವಿದ್ದವರಿಗೆ ನಾನೇ ಅದನ್ನು ಸೂಚಿಸುತ್ತೇನೆ. ಒಂದು ಮಾತ್ರ ಪರೀಕ್ಷಿಸಬೇಕು. ಬ್ಯಾಟರಿ ನೆಲದಡಿ ಇರುವುದರಿಂದ ಕೆಲವು ಕಾರುಗಳಲ್ಲಿ ಪಾದ ಇಡುವ ಜಾಗ ಎತ್ತರವಾಗಿ, ಹಿಂದೆ ಕುಳಿತವರ ಮಂಡಿ ಮೇಲೇಳುತ್ತದೆ, ತೊಡೆಗೆ ಆಸರೆ ಸಿಗುವುದಿಲ್ಲ. ನನ್ನ ಕಾರಣ ಸರಳ. ನನಗೆ ಆ ದನಿ ಬೇಕಿತ್ತು. ಶೋಕಿಗೆ ಸಮರ್ಥನೆ ಹುಡುಕಲು ಹೊರಟರೆ ಅದು ಶೋಕಿಯಾಗಿ ಉಳಿಯುವುದಿಲ್ಲ.

ಮಗ ಸಮರ್ಥನೆ ಕೇಳಿಯೇ ಕೇಳಿದ. "ಅಪ್ಪಾ, ಈ ವಯಸ್ಸಿನಲ್ಲಿ ನಿಮಗೆ 340 ಅಶ್ವಶಕ್ತಿ ಏಕೆ?" ಬಳಸದೆ ಇರುವುದಕ್ಕೆ ಎಂದೆ. ತಮಾಷೆಗೆ ಹೇಳಿದ್ದಲ್ಲ. ಹೆದ್ದಾರಿಗೆ ಸೇರುವಾಗ ಇಂಜಿನ್ ಅರಚಬೇಕಿಲ್ಲ, ಕಾಲು ಒತ್ತಬೇಕಿಲ್ಲ. ನಿಮಿಷಕ್ಕೆ ಸುಮಾರು 1,400 ಸುತ್ತಿನಿಂದಲೇ ಅದರ ಪೂರ್ಣ ತಿರುಚುಬಲ (ಟಾರ್ಕ್) ಸಿಗುತ್ತದೆ. ಹೆಂಡತಿಯ ಪ್ರಶ್ನೆ ಹೆಚ್ಚು ಹರಿತವಾಗಿತ್ತು. "ನೀವು ರಸ್ತೆ ನೋಡುವುದಕ್ಕೋ, ರಸ್ತೆಯವರು ನಿಮ್ಮನ್ನು ನೋಡುವುದಕ್ಕೋ?" ಆ ಪ್ರಶ್ನೆಯಿಂದ ಹಿಂದಿನ ರೆಕ್ಕೆ, ಕಪ್ಪು ಬಣ್ಣದ ಗ್ರಿಲ್, ಇಪ್ಪತ್ತು ಇಂಚಿನ ಚಕ್ರ ಎಲ್ಲ ಕಳಚಿಬಿದ್ದವು.

ಚಕ್ರದ ವಿಷಯದಲ್ಲಿ ಆಕೆ ಗೊತ್ತಿಲ್ಲದೆಯೇ ಉಪಕಾರ ಮಾಡಿದಳು. 245/45 ಆರ್18 ಅಳತೆಯ ಟೈರಿನ ಪಕ್ಕದ ಗೋಡೆ ಸುಮಾರು 110 ಮಿಲಿಮೀಟರ್ ಎತ್ತರ. 245/35 ಆರ್20 ಆದರೆ 86 ಮಾತ್ರ. ಆ 24 ಮಿಲಿಮೀಟರ್ ರಬ್ಬರ್ ಮತ್ತು ಗಾಳಿ ರಸ್ತೆಯ ಹೊಂಡಕ್ಕೂ ನನ್ನ ಬೆನ್ನುಮೂಳೆಗೂ ನಡುವೆ ಇರುವ ಅಗ್ಗದ ಸಸ್ಪೆನ್ಷನ್. ಗಾಳಿ ಹೋದರೂ ಓಡುವ ರನ್-ಫ್ಲ್ಯಾಟ್ ಟೈರುಗಳ ಗೋಡೆ ಬಿಗಿ. ಅವು ಸವೆದ ಮೇಲೆ ಸಾಧಾರಣ ಟೈರು ಹಾಕಿಸಿ, ಡಿಕ್ಕಿಯಲ್ಲಿ ತೂತು ಮುಚ್ಚುವ ದ್ರವ ಮತ್ತು ಗಾಳಿಯ ಪಂಪ್ ಇಟ್ಟುಕೊಂಡೆ. ರಸ್ತೆ ಬದಿಯಲ್ಲಿ ಚಕ್ರ ಬದಲಿಸುವ ವಯಸ್ಸು ಹೇಗೂ ಮುಗಿದಿದೆ.

ಹೊಸದನ್ನು ಕೊಳ್ಳಲಿಲ್ಲ. ಮೊದಲ ಕೆಲವು ವರ್ಷಗಳಲ್ಲಿ ಇಂಥ ಕಾರುಗಳ ಬೆಲೆ ಕಡಿದಾಗಿ ಬೀಳುತ್ತದೆ, ಆ ಬೀಳುವಿಕೆಯ ಖರ್ಚನ್ನು ಇನ್ನೊಬ್ಬರು ಕೊಟ್ಟರೆ ನನ್ನದೇನೂ ಅಭ್ಯಂತರವಿಲ್ಲ. ಉಳಿದ ಹಣದಲ್ಲಿ ಒಂದು ಪಾಲನ್ನು ದುರಸ್ತಿಗೆಂದೇ ಬೇರೆ ಖಾತೆಯಲ್ಲಿಟ್ಟೆ. ಕಾರಿನ ಬೆಲೆ ಇಳಿದರೂ ಅದರ ಬಿಡಿಭಾಗಗಳ ಬೆಲೆ ಇಳಿಯುವುದಿಲ್ಲ. ಸೆಕೆಂಡ್ ಹ್ಯಾಂಡ್ ಐಷಾರಾಮಿ ಕಾರು ಕೊಂಡವರಲ್ಲಿ ಅನೇಕರು ಎಡವುವುದು ಇಲ್ಲಿಯೇ. ಮಾರುವವರು ತೋರಿಸಿದ ಹೊಳಪಿಗಿಂತ ಸರ್ವಿಸ್ ದಾಖಲೆಯನ್ನು ಹೆಚ್ಚು ಹೊತ್ತು ನೋಡಿದೆ. ಆಯಿಲ್ ಬದಲಾವಣೆಗಳ ನಡುವಿನ ಅಂತರ, ಟೈರಿನ ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿ. 2319 ಎಂದಿದ್ದರೆ ಅದು 2019ರ 23ನೇ ವಾರದಲ್ಲಿ ತಯಾರಾದ ಟೈರು. ನಾಲ್ಕೂ ಚಕ್ರಗಳಲ್ಲಿ ಒಳ್ಳೆಯ ಕಂಪನಿಯ, ಒಂದೇ ಬಗೆಯ ಟೈರು ಹಾಕಿಸಿದ ಹಳೆಯ ಒಡೆಯ ಸಾಮಾನ್ಯವಾಗಿ ಆಯಿಲನ್ನೂ ಹೊತ್ತಿಗೆ ಸರಿಯಾಗಿ ಬದಲಿಸಿರುತ್ತಾನೆ ಎನ್ನುವುದು ನನ್ನ ನಂಬಿಕೆ. ಇಂಜಿನ್ ಪೂರ್ತಿ ತಣ್ಣಗಿರುವಾಗಲೇ ಮೊದಲ ಸಲ ಚಾಲೂ ಮಾಡಿ ತೋರಿಸಬೇಕೆಂದು ಕೇಳಿಕೊಂಡೆ. ನಾನು ಹೋಗುವ ಮೊದಲೇ ಬಿಸಿ ಮಾಡಿಟ್ಟಿದ್ದ ಒಂದು ಕಾರನ್ನು ಮುಟ್ಟದೆ ವಾಪಸು ಬಂದೆ.

ನಿವೃತ್ತನ ಕಾರು ಕಡಿಮೆ ಓಡುತ್ತದೆ, ಕಡಿಮೆ ಓಡುವ ಕಾರು ಬೇರೆ ರೀತಿಯಲ್ಲಿ ಹಾಳಾಗುತ್ತದೆ. ಐದು ನಿಮಿಷದ ಓಡಾಟದಲ್ಲಿ ಆಯಿಲ್ ಕಾಯುವುದಿಲ್ಲ, ಅದರಲ್ಲಿ ಸೇರಿದ ನೀರಿನಂಶ ಆವಿಯಾಗುವುದಿಲ್ಲ. ಹಾಗಾಗಿ ಕಿಲೋಮೀಟರ್ ಲೆಕ್ಕ ಬಿಟ್ಟು ವರ್ಷಕ್ಕೊಮ್ಮೆ ಆಯಿಲ್, ಎರಡು ವರ್ಷಕ್ಕೊಮ್ಮೆ ಬ್ರೇಕ್ ದ್ರವ ಬದಲಿಸುತ್ತೇನೆ. ಬ್ರೇಕ್ ದ್ರವ ಗಾಳಿಯ ತೇವವನ್ನು ಹೀರುತ್ತದೆ, ಕಾರು ನಿಂತಿದ್ದರೂ ಹೀರುತ್ತದೆ. ಊರು ಬಿಟ್ಟು ಹೋಗುವಾಗ ಬ್ಯಾಟರಿಗೆ ಸಣ್ಣ ಚಾರ್ಜರ್ ಜೋಡಿಸಿಡುತ್ತೇನೆ. ವಾರಕ್ಕೊಮ್ಮೆ ಇಂಜಿನ್ ಚೆನ್ನಾಗಿ ಬಿಸಿಯಾಗುವಷ್ಟು ದೂರ ಓಡಿಸುವುದು ನಿರ್ವಹಣೆಯ ಭಾಗ ಎಂದು ಮನೆಯಲ್ಲಿ ಹೇಳಿದ್ದೇನೆ. ಯಾರೂ ನಂಬಿಲ್ಲ, ಆದರೆ ಅದು ನಿಜ.

ಕೀಲಿ ಕೈಬಿಡುವ ದಿನದ ಬಗ್ಗೆ ಕಾರು ಕೊಳ್ಳುವ ಮೊದಲೇ ಮಾತಾಡಿಕೊಂಡೆವು. ಆಗ ಯಾರಿಗೂ ನೋವಾಗುವುದಿಲ್ಲ, ಯಾವ ಅಪಘಾತದ ನೆರಳೂ ಇರುವುದಿಲ್ಲ. ವರ್ಷಕ್ಕೊಮ್ಮೆ ಚಾಲನಾ ತರಬೇತುದಾರರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಓಡಿಸುವುದು, ಅವರು ಬೇಡವೆಂದರೆ ವಾದ ಮಾಡದಿರುವುದು ಎಂದು ಒಪ್ಪಂದ. ಮಕ್ಕಳು ಹೇಳಿದರೆ ಸಿಟ್ಟು ಬರುತ್ತದೆ, ಹೊರಗಿನವರು ಹೇಳಿದರೆ ಕಿವಿ ಕೇಳುತ್ತದೆ. ಹೆಂಡತಿಯೂ ಇದೇ ಕಾರು ಓಡಿಸುವುದರಿಂದ ಪರೀಕ್ಷೆ ಇಬ್ಬರಿಗೂ. ಈ ವರ್ಷ ತರಬೇತುದಾರರು ಅವಳಿಗೆ ಕನ್ನಡಿಯನ್ನು ಸ್ವಲ್ಪ ಹೊರಕ್ಕೆ ತಿರುಗಿಸಿಕೊಳ್ಳಿ ಎಂದಷ್ಟೇ ಹೇಳಿದರು. ನನಗೆ ಹೇಳಿದ್ದು ಹೆಚ್ಚು: ಮುಂದಿನ ವಾಹನಕ್ಕೆ ಇನ್ನಷ್ಟು ಅಂತರ ಬಿಡಿ, ಪಥ ಬದಲಿಸುವಾಗ ದೀಪವೊಂದನ್ನೇ ನಂಬದೆ ಕತ್ತು ಆದಷ್ಟು ತಿರುಗಿಸಿ, ಮಳೆಯ ರಾತ್ರಿಗಳಲ್ಲಿ ಸ್ಟಿಯರಿಂಗ್ ಅವರ ಕೈಗೆ ಕೊಡಿ. ಮೂರನೆಯದಕ್ಕೆ ಹೆಂಡತಿ ಅಲ್ಲಿಯೇ ತಲೆಯಾಡಿಸಿದಳು. ಚಾಲಕನ ಸೀಟಿನ ಸ್ಥಾನವನ್ನು ನೆನಪಿಟ್ಟುಕೊಳ್ಳುವ ಒಂದನೇ ಗುಂಡಿ ಈಗ ಅವಳದು, ಎರಡನೆಯದು ನನ್ನದು.